ಲಸಿಕೆ ಹಾಕಿದರೂ ಗಂಬೋರೊ ಏಕೆ ಬಂತು?

ಪ್ರಶ್ನೆ: ಕುಣಿಗಲ್ ತಾಲ್ಲೂಕಿನಲ್ಲಿ ನನ್ನದೊಂದು ಬ್ರಾಯ್ಲರ್ ಶೆಡ್ ಇದೆ. ಕಂಪನಿಯ ಒಪ್ಪಂದವಿಲ್ಲ, ಮರಿ, ಮೇವು, ಔಷಧ ಎಲ್ಲ ನನ್ನದೇ ಖರ್ಚು. ಹಿಂದಿನ ಬ್ಯಾಚ್ ಎತ್ತಿದ ಒಂದು ವಾರಕ್ಕೆ ಹಳೆ ಹೊಟ್ಟಿನ ಮೇಲೆ ಹೊಸ ಹೊಟ್ಟು ಹಾಸಿ 3000 ಮರಿ ಬಿಟ್ಟೆ. 6ನೇ ದಿನ ಕಣ್ಣಿಗೆ ರಾಣಿಖೇತ್ ರೋಗದ ಲಸಿಕೆಯಾದ ಲಸೋಟದ ಹನಿ, 14ನೇ ದಿನ ನೀರಿನಲ್ಲಿ ಗಂಬೋರೊ ರೋಗದ ಲಸಿಕೆ, 21ನೇ ದಿನ ನೀರಿನಲ್ಲಿ ಮತ್ತೆ ಲಸೋಟ ಕೊಟ್ಟಿದ್ದೇನೆ. ಎರಡು ಸಲವೂ 200 ಲೀಟರ್ ನೀರಿಗೆ ಲಸಿಕೆ ಬೆರೆಸಿ ಟ್ಯಾಂಕಿಗೆ ಬಿಟ್ಟೆ, ಸಂಜೆಯವರೆಗೂ ಕುಡಿದವು. 23ನೇ ದಿನದವರೆಗೆ ದಿನಕ್ಕೆ ಮೂರ್ನಾಲ್ಕು ಸಾಯುತ್ತಿದ್ದವು. 24ರಂದು 18 ಹೋದವು. ಮರುದಿನ 46, ಆಮೇಲೆ 71, 38, 15. ನಿಂತಿತು ಅಂದುಕೊಂಡರೆ 31ನೇ ದಿನದಿಂದ ಕೆಮ್ಮು, ಹಸಿರು ಹಿಕ್ಕೆ. ಕೆಲವು ಕತ್ತು ತಿರುಚಿಕೊಂಡು ಬೀಳುತ್ತಿವೆ, ದಿನಕ್ಕೆ ಹತ್ತು ಹನ್ನೆರಡು ಸಾಯುತ್ತಿವೆ. ಖಾಸಗಿ ಲ್ಯಾಬಿನ ಪಿಸಿಆರ್ ವರದಿಯಲ್ಲಿ ಗಂಬೋರೊ, ರಾಣಿಖೇತ್, ಚಿಕನ್ ಅನೀಮಿಯ ಮೂರೂ ಪಾಸಿಟಿವ್, ಹಕ್ಕಿಜ್ವರ ನೆಗೆಟಿವ್. 'ಎಲ್ಲ ಫಾರಂನಲ್ಲೂ ಈ ವೈರಸ್ ಇದ್ದೇ ಇರುತ್ತೆ' ಎಂದು ಮರಿ ಕೊಟ್ಟ ಏಜೆಂಟ್ ಹೇಳುತ್ತಾರೆ. 'ಲಸಿಕೆ ಡೂಪ್ಲಿಕೇಟ್' ಎಂದು ಊರವರು ಹೇಳುತ್ತಾರೆ. ಇಂದಿಗೆ 35 ದಿನ. ಉಳಿದ ಕೋಳಿ ಮಾರಬಹುದೇ, ತಿನ್ನಬಹುದೇ? ಮನೆ ಹಿಂದೆ ಹದಿನೈದು ನಾಟಿ ಕೋಳಿಗಳಿವೆ, ಅವುಗಳ ಗತಿ ಏನು? ಮುಂದಿನ ಬ್ಯಾಚ್ ಯಾವಾಗ ಬಿಡಲಿ?

ಉತ್ತರ: ಮೂರು ಪಾಸಿಟಿವ್ ಇರುವ ವರದಿ ಕೈಗೆ ಬಂದಾಗ ಯಾರಿಗಾದರೂ ದಿಗಿಲಾಗುತ್ತದೆ. ನೀವು ದಿನದಿನದ ಸಾವಿನ ಲೆಕ್ಕವನ್ನು ಬರೆದಿಟ್ಟಿರುವುದು ಆ ವರದಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ನಿಮ್ಮ ಶೆಡ್ಡಿನಲ್ಲಿ ಏನಾಯಿತು ಎಂಬುದು ಬಹುಮಟ್ಟಿಗೆ ಅದರಲ್ಲೇ ಇದೆ.

ಏಜೆಂಟರ ಮಾತಿನಲ್ಲಿ ಅರ್ಧ ನಿಜವಿದೆ. ಸಾವಿರಗಟ್ಟಲೆ ಕೋಳಿಗಳನ್ನು ಒಂದೇ ಸೂರಿನಡಿ ಸಾಕುವ ಕಡೆ ವೈರಸ್ಸೇ ಇಲ್ಲದ ಹಿಂಡು ಸಿಗುವುದಿಲ್ಲ. ಚಿಕನ್ ಅನೀಮಿಯ ವೈರಸ್ಸನ್ನೇ ನೋಡಿ. ಕೋಳಿ ಉದ್ಯಮ ಇರುವ ಎಲ್ಲ ದೇಶಗಳಲ್ಲೂ ಅದು ಇದೆ. ದೊಡ್ಡ ಕೋಳಿಗಳ ರಕ್ತ ಪರೀಕ್ಷಿಸಿದರೆ ಅದರ ವಿರುದ್ಧದ ಪ್ರತಿಕಾಯಗಳು ಹೆಚ್ಚುಕಡಿಮೆ ಪ್ರತಿ ಹಿಂಡಿನಲ್ಲೂ ಕಾಣುತ್ತವೆ. ಮ್ಯಾರೆಕ್ಸ್ ವೈರಸ್ ಗರಿಯ ಬುಡದಿಂದ ಉದುರುವ ಹೊಟ್ಟಿನಂಥ ಧೂಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹ್ಯಾಚರಿಯಲ್ಲಿ ಮೊದಲ ದಿನವೇ ಅದಕ್ಕೆ ಲಸಿಕೆ ಚುಚ್ಚಿದರೂ ಆ ಲಸಿಕೆ ತಡೆಯುವುದು ಗಂಟು ಮತ್ತು ಪಾರ್ಶ್ವವಾಯುವನ್ನು ಮಾತ್ರ. ವೈರಸ್ ಒಳಹೊಕ್ಕು ಗರಿಯ ಮೂಲಕ ಹೊರಬರುವುದು ನಿಲ್ಲುವುದಿಲ್ಲ. ಕೋಳಿಗಳ ಕರೊನಾ ವೈರಸ್ಸಾದ ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್, ಕರುಳಿನಲ್ಲಿ ವಾಸಿಸುವ ರಿಯೊ, ರೋಟಾ, ಆಸ್ಟ್ರೊ ವೈರಸ್‌ಗಳು ಆರೋಗ್ಯವಾಗಿ ತಿಂದುಂಡು ಬೆಳೆಯುತ್ತಿರುವ ಕೋಳಿಗಳಲ್ಲೂ ಸಿಗುತ್ತವೆ. ಹಕ್ಕಿಜ್ವರದ ಸೌಮ್ಯ ಬಗೆಯಾದ ಎಚ್9ಎನ್2 ಭಾರತದಲ್ಲಿ 2003ರಲ್ಲಿ ಪತ್ತೆಯಾಯಿತು. ಆಮೇಲೆ ಅದು ಇಲ್ಲಿಂದ ಹೋಗಲೇ ಇಲ್ಲ. ಮೊಟ್ಟೆ ಕೋಳಿ ಫಾರಂಗಳಲ್ಲಿ ಕಾರಣ ತಿಳಿಯದೆ ಮೊಟ್ಟೆ ಇಳಿದಾಗ ನಾವು ಮೊದಲು ಶಂಕಿಸುವ ವೈರಸ್‌ಗಳಲ್ಲಿ ಅದೂ ಒಂದು.

ಆದ್ದರಿಂದ ವೈರಸ್ ಇದೆಯೇ ಎಂದು ಕೇಳಿದರೆ ಎಲ್ಲ ಫಾರಂಗೂ ಉತ್ತರ ಹೌದು. ಕೇಳಬೇಕಾದ್ದು ಬೇರೆ: ಯಾವ ವೈರಸ್, ಎಷ್ಟು ಪ್ರಮಾಣದಲ್ಲಿ, ಮರಿಯ ಯಾವ ವಯಸ್ಸಿನಲ್ಲಿ ಎದುರಾಯಿತು? ಅದೇ ಅನೀಮಿಯ ವೈರಸ್ ಐದನೇ ವಾರ ತಗಲಿದರೆ ಹೊರಗೆ ಏನೂ ಕಾಣುವುದಿಲ್ಲ. ತಾಯಿಯಿಂದ ಪ್ರತಿಕಾಯ ಸಿಗದ ಮರಿಗೆ ಮೊಟ್ಟೆಯ ಮೂಲಕವೇ ಬಂದರೆ ಎರಡು ವಾರದ ಹೊತ್ತಿಗೆ ಮರಿ ಬಿಳಿಚಿಕೊಂಡು, ರೆಕ್ಕೆಯಡಿ ರಕ್ತ ಕಟ್ಟಿ ಸಾಯುತ್ತದೆ. ನಿಮ್ಮ ಕೋಳಿಗಳಲ್ಲಿ ಅದು ಐದನೇ ವಾರದ ಮಾದರಿಯಲ್ಲಿ ಸಿಕ್ಕಿದೆ. ಎರಡು ಮೂರನೇ ವಾರದಲ್ಲಿ ಬಿಳಿಚಿಕೊಂಡ ಮರಿಗಳ ಸುದ್ದಿಯೂ ನಿಮ್ಮ ಪತ್ರದಲ್ಲಿಲ್ಲ. ಆ ಪಾಸಿಟಿವನ್ನು ಸದ್ಯಕ್ಕೆ ಬದಿಗಿಡಿ.

ಇನ್ನೆರಡು ಪಾಸಿಟಿವ್‌ಗಳನ್ನು ಓದುವಾಗಲೂ ಒಂದು ಎಚ್ಚರ ಬೇಕು. ನೀವು ಕೊಟ್ಟ ಗಂಬೋರೊ ಲಸಿಕೆ, ಲಸೋಟ ಎರಡೂ ಜೀವಂತ ವೈರಸ್‌ಗಳೇ. ಕೊಟ್ಟ ಎರಡು ವಾರದ ಮೇಲೂ ಕೋಳಿಯ ದೇಹದಲ್ಲಿ ಅವು ಸಿಗಬಹುದು. ಸಾಮಾನ್ಯ ಪಿಸಿಆರ್‌ಗೆ ಲಸಿಕೆಯ ವೈರಸ್ ಯಾವುದು, ಹೊರಗಿನಿಂದ ಬಂದದ್ದು ಯಾವುದು ಎಂಬ ಭೇದ ತಿಳಿಯುವುದಿಲ್ಲ. ಅದು ಖಚಿತವಾಗಬೇಕಾದರೆ ವೈರಸ್ಸಿನ ಜೀನ್‌ನ ನಿರ್ದಿಷ್ಟ ಭಾಗವನ್ನು ಸೀಕ್ವೆನ್ಸಿಂಗ್ (ಜೀನಿನ ಅನುಕ್ರಮ ಓದುವ ಪರೀಕ್ಷೆ) ಮಾಡಿಸಬೇಕು. ಗಂಬೋರೊಗೆ ವಿಪಿ2, ರಾಣಿಖೇತ್‌ಗೆ ಫ್ಯೂಷನ್ ಪ್ರೋಟೀನ್ ಜೀನ್. ನಿಮ್ಮ ವಿಷಯದಲ್ಲಿ ಅಷ್ಟು ದೂರ ಹೋಗದೆಯೂ ತೀರ್ಮಾನಕ್ಕೆ ಬರಬಹುದು, ಏಕೆಂದರೆ ಲಸೋಟದಿಂದ ಒಂದೆರಡು ದಿನ ಸಣ್ಣ ಕೆಮ್ಮು ಬರಬಹುದೇ ಹೊರತು ಕತ್ತು ತಿರುಚುವುದಿಲ್ಲ.

ಸಾವಿನ ಲೆಕ್ಕ ಹೇಳುವುದೇನು

18, 46, 71, 38, 15. ಹೀಗೆ ದಿಢೀರನೆ ಏರಿ, ಮೂರನೇ ದಿನ ತುದಿ ಮುಟ್ಟಿ, ಐದಾರು ದಿನದಲ್ಲಿ ಇಳಿದುಬಿಡುವುದು ಗಂಬೋರೊದ ರೀತಿ. ವಯಸ್ಸೂ ಹೊಂದುತ್ತದೆ, ಮೂರರಿಂದ ಆರು ವಾರದ ನಡುವೆಯೇ ಅದು ಕಾಣಿಸಿಕೊಳ್ಳುವುದು. ರಾಣಿಖೇತ್ ಹೀಗೆ ತಾನಾಗಿ ಇಳಿಯುವುದಿಲ್ಲ. ಏರುತ್ತ ಹೋಗುತ್ತದೆ, ಇಲ್ಲವೇ ವಾರಗಟ್ಟಲೆ ಎಳೆಯುತ್ತದೆ. ಆ ಐದು ದಿನಗಳಲ್ಲಿ ಸತ್ತ ಕೋಳಿಯನ್ನು ಕೊಯ್ದು ನೋಡಿದ್ದರೆ ತೊಡೆ ಮತ್ತು ಎದೆಯ ಮಾಂಸದಲ್ಲಿ ಬರೆ ಎಳೆದಂತೆ ರಕ್ತದ ಗೆರೆಗಳು, ಊದಿಕೊಂಡ ಮೂತ್ರಪಿಂಡ, ಮಲದ್ವಾರದ ಒಳಬದಿ ಬೆನ್ನಿನ ಕಡೆ ಊದಿ ಲೋಳೆ ಕಟ್ಟಿದ ಬರ್ಸಾ ಕಾಣುತ್ತಿತ್ತು.

ಈ ಬರ್ಸಾ ಎನ್ನುವ ಪುಟ್ಟ ಚೀಲದಲ್ಲಿಯೇ ನಿಮ್ಮ ಕಷ್ಟದ ಮೂಲ ಇರುವುದು. ಮರಿಯ ದೇಹದಲ್ಲಿ ಪ್ರತಿಕಾಯ ತಯಾರಿಸುವ ಬಿ ಕಣಗಳು ಬಲಿಯುವುದು ಅಲ್ಲಿ. ಗಂಬೋರೊ ವೈರಸ್ ಅವನ್ನೇ ಹುಡುಕಿ ಕೊಲ್ಲುತ್ತದೆ. ಬದುಕಿ ಉಳಿದ ಕೋಳಿ ಮೇಲ್ನೋಟಕ್ಕೆ ಚೇತರಿಸಿಕೊಂಡರೂ ಬೇರೆ ಲಸಿಕೆಗಳಿಗೆ ಸರಿಯಾಗಿ ಸ್ಪಂದಿಸುವ ಶಕ್ತಿ ಕಳೆದುಕೊಂಡಿರುತ್ತದೆ. ನಿಮ್ಮ ತಾರೀಖುಗಳನ್ನು ಜೋಡಿಸಿ ನೋಡಿ: 21ನೇ ದಿನ ಎರಡನೇ ಲಸೋಟ, 24ನೇ ದಿನ ಗಂಬೋರೊ ಸಾವು ಶುರು. ಗಂಬೋರೊ ವೈರಸ್ ಒಳಹೊಕ್ಕ ಎರಡು ಮೂರು ದಿನಕ್ಕೇ ರೋಗ ತೋರಿಸುತ್ತದೆ. ಅಂದರೆ ನೀವು ಲಸೋಟ ಕೊಟ್ಟ ದಿನ, ಅದನ್ನು ಬಳಸಿಕೊಳ್ಳಬೇಕಾದ ಅಂಗಕ್ಕೇ ಬೆಂಕಿ ಬಿದ್ದಿತ್ತು. ಒಂದು ವಾರದ ಬಳಿಕ ರಾಣಿಖೇತ್ ಬಂದದ್ದು ಎರಡನೇ ದುರದೃಷ್ಟವಲ್ಲ, ಮೊದಲನೆಯದರ ಮುಂದುವರಿಕೆ. ಹಿಂದಿನ ಬ್ಯಾಚಿನಲ್ಲೂ ಮರಿಗಳು ಮೂರನೇ ವಾರ ದಾಟಿದ ಮೇಲೆ ಸಾವು ಹೆಚ್ಚಾಗಿತ್ತೇ, ನೆನಪು ಮಾಡಿಕೊಳ್ಳಿ. ಆಗಿದ್ದರೆ ವೈರಸ್ ನಿಮ್ಮ ಹಳೆ ಹೊಟ್ಟಿನಲ್ಲೇ ಕಾದು ಕುಳಿತಿತ್ತು ಎಂದೇ ಅರ್ಥ.

ಗಂಬೋರೊವನ್ನು ಮೊದಲು ವರ್ಣಿಸಿದ್ದು 1962ರಲ್ಲಿ, ಅಮೆರಿಕದ ಡೆಲವೇರ್ ರಾಜ್ಯದಲ್ಲಿ. ಗಂಬೋರೊ ಅಲ್ಲಿನ ಒಂದು ಊರು. 1980ರ ದಶಕದ ಕೊನೆಯಲ್ಲಿ ಯುರೋಪಿನಲ್ಲಿ ಇದರ ಉಗ್ರ ತಳಿ ಹುಟ್ಟಿಕೊಂಡಿತು, ಬಳಿಕ ಏಷ್ಯಾಕ್ಕೂ ಹರಡಿತು. ರಾಣಿಖೇತ್, ಹಕ್ಕಿಜ್ವರ, ಬ್ರಾಂಕೈಟಿಸ್ ವೈರಸ್‌ಗಳ ಮೇಲೆ ಕೊಬ್ಬಿನ ಹೊದಿಕೆ ಇರುವುದರಿಂದ ಬಿಸಿಲು, ಸೋಪು, ಸಾಮಾನ್ಯ ಸೋಂಕುನಿವಾರಕಕ್ಕೆ ಅವು ಬಗ್ಗುತ್ತವೆ. ಗಂಬೋರೊಗೆ ಆ ಹೊದಿಕೆ ಇಲ್ಲ, ಅದಕ್ಕೇ ಗಟ್ಟಿ. ಕೋಳಿ ಖಾಲಿ ಮಾಡಿದ ಶೆಡ್ಡಿನಲ್ಲಿ 122 ದಿನ, ಅಲ್ಲಿನ ನೀರು, ಮೇವು, ಹಿಕ್ಕೆಯಲ್ಲಿ 52 ದಿನ ಬದುಕಿದ್ದು ದಾಖಲಾಗಿದೆ. 56 ಡಿಗ್ರಿ ಶಾಖದಲ್ಲಿ ಐದು ತಾಸು ಇಟ್ಟರೂ ಸಾಯುವುದಿಲ್ಲ. ನೀವು ಕೊಟ್ಟ ಒಂದು ವಾರದ ಬಿಡುವು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಲಸಿಕೆ ಡೂಪ್ಲಿಕೇಟೇ?

ಹಾಗೆಂದು ನಂಬಲು ನಿಮ್ಮ ಪತ್ರದಲ್ಲಿ ಆಧಾರ ಕಾಣುವುದಿಲ್ಲ. ಅಸಲಿ ಲಸಿಕೆಯನ್ನೇ ನೀವು ಕೊಟ್ಟ ರೀತಿಯಲ್ಲಿ ಕೊಟ್ಟರೂ ಕೆಲಸ ಮಾಡುತ್ತಿರಲಿಲ್ಲ. ಇದು ನಿಮ್ಮೊಬ್ಬರ ಕಥೆಯಲ್ಲ. ನಮ್ಮ ಕಡೆ ಲಸಿಕೆ ಸೋಲುವುದು ಹೆಚ್ಚಾಗಿ ನೀರಿನ ತೊಟ್ಟಿಯಲ್ಲೇ.

ಜೀವಂತ ಲಸಿಕೆ ನೀರಿಗೆ ಬಿದ್ದ ಕ್ಷಣದಿಂದ ಸಾಯತೊಡಗುತ್ತದೆ. ಎರಡು ತಾಸಿನೊಳಗೆ ಎಲ್ಲ ಮರಿಗಳೂ ಕುಡಿದು ಮುಗಿಸುವಷ್ಟು ನೀರಿಗೆ ಮಾತ್ರ ಅದನ್ನು ಬೆರೆಸಬೇಕು. ಲೆಕ್ಕ ಸುಲಭ: 1000 ಮರಿಗೆ, ಮರಿಯ ವಯಸ್ಸು ಎಷ್ಟು ದಿನವೋ ಅಷ್ಟು ಲೀಟರ್. 14 ದಿನದ 3000 ಮರಿಗೆ 42 ಲೀಟರ್ ಸಾಕಿತ್ತು, 21ನೇ ದಿನ 63. ನೀವು ಹಾಕಿದ್ದು 200. ಮೊದಲ ಎರಡು ತಾಸಿನಲ್ಲಿ ಪ್ರತಿ ಮರಿಗೆ ಡೋಸಿನ ಸಣ್ಣ ಭಾಗ ಮಾತ್ರ ಹೋಯಿತು. ಉಳಿದದ್ದು ಸಂಜೆಯವರೆಗೆ ಟ್ಯಾಂಕಿನಲ್ಲಿ ಸತ್ತ ಲಸಿಕೆಯಾಗಿ ಉಳಿಯಿತು. ಆ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವ ಅಭ್ಯಾಸವಿದ್ದರೆ ಬೆರೆಸಿದ ಕೆಲವೇ ನಿಮಿಷಗಳಲ್ಲಿ ಕಥೆ ಮುಗಿದಿರುತ್ತದೆ.

ಸರಿಯಾದ ವಿಧಾನ ಹೀಗೆ. ಹಿಂದಿನ ದಿನದಿಂದಲೇ ಕ್ಲೋರಿನ್, ಆ್ಯಸಿಡ್, ಸ್ಯಾನಿಟೈಸರ್ ಯಾವುದನ್ನೂ ನೀರಿಗೆ ಹಾಕಬಾರದು. ಬೆಳಗಿನ ತಂಪಿನಲ್ಲಿ ಒಂದರಿಂದ ಎರಡು ತಾಸು ನೀರು ನಿಲ್ಲಿಸಿ. ಬೇಸಿಗೆಯಲ್ಲಿ ಒಂದು ತಾಸೇ ಸಾಕು. ಲೀಟರಿಗೆ 2.5 ಗ್ರಾಂನಂತೆ ಕೆನೆ ತೆಗೆದ ಹಾಲಿನ ಪುಡಿ ಕದಡಿ 15-20 ನಿಮಿಷ ಬಿಡಿ. ಉಳಿದ ಅಲ್ಪಸ್ವಲ್ಪ ಕ್ಲೋರಿನ್ನನ್ನು ಅದು ಹಿಡಿದುಕೊಳ್ಳುತ್ತದೆ. ಕೆನೆ ಇರುವ ಹಾಲು ಬೇಡ, ಜಿಡ್ಡು ಕುಡಿಯುವ ನೀರಿನ ನಿಪ್ಪಲ್ಲುಗಳನ್ನು ಕಟ್ಟುತ್ತದೆ. ಆಮೇಲೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲಸಿಕೆಯ ಸೀಸೆಯನ್ನು ನೀರಿನೊಳಗೆ ಮುಳುಗಿಸಿಯೇ ಮುಚ್ಚಳ ತೆಗೆಯಿರಿ. ಕಬ್ಬಿಣದ ಪಾತ್ರೆ, ಬಿಸಿಲು ಎರಡೂ ಬೇಡ. ನಿಪ್ಪಲ್ ಲೈನ್ ಇದ್ದರೆ ಹಳೆ ನೀರನ್ನು ಪೂರ್ತಿ ಬಸಿದು, ಲೈನಿನ ಕೊನೆಯಲ್ಲಿ ಹಾಲಿನ ಬಣ್ಣದ ನೀರು ಕಂಡ ಮೇಲೆಯೇ ಮರಿಗಳ ಮಟ್ಟಕ್ಕೆ ಇಳಿಸಿ. ಇದನ್ನು ಬಿಟ್ಟರೆ ಕೊನೆಯ ನಿಪ್ಪಲ್ಲುಗಳ ಮರಿಗಳಿಗೆ ಬರೀ ನೀರು ಹೋಗುತ್ತದೆ, ಲಸಿಕೆ ಸಿಗದ ಆ ಮೂಲೆಯಿಂದಲೇ ರೋಗ ಶುರುವಾಗುತ್ತದೆ. ಮರಿಗಳ ನಡುವೆ ಮೆಲ್ಲಗೆ ಓಡಾಡುತ್ತಿದ್ದರೆ ಮಲಗಿದವೂ ಎದ್ದು ಕುಡಿಯುತ್ತವೆ. ಲಸಿಕೆಯ ಜೊತೆ ಬೆರೆಸುವ ನೀಲಿ ಬಣ್ಣದ ಮಾತ್ರೆ ಸಿಗುತ್ತದೆ. ಅದನ್ನು ಬಳಸಿ, ಎರಡು ತಾಸಿನ ಬಳಿಕ ಶೆಡ್ಡಿನ ಬೇರೆ ಬೇರೆ ಕಡೆಯಿಂದ ನೂರು ಮರಿ ಹಿಡಿದು ನಾಲಿಗೆ ನೋಡಿ. 90ಕ್ಕಿಂತ ಕಡಿಮೆ ಮರಿಗಳ ನಾಲಿಗೆ ನೀಲಿಯಾಗಿದ್ದರೆ ಮುಂದಿನ ಸಲ ನೀರಿನ ಪ್ರಮಾಣ ಅಥವಾ ಸಮಯ ತಿದ್ದಿಕೊಳ್ಳಬೇಕು.

ಲಸಿಕೆ ತಂದ ದಾರಿಯನ್ನೂ ವಿಚಾರಿಸಿ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಸೀಸೆ ಬೈಕಿನ ಡಿಕ್ಕಿಯಲ್ಲಿ ಬಂದಿದ್ದರೆ, ಕರೆಂಟ್ ಹೋದ ಅಂಗಡಿಯ ಫ್ರಿಜ್ಜಿನಲ್ಲಿ ದಿನ ಕಳೆದಿದ್ದರೆ, ಲೇಬಲ್ ಅಸಲಿಯಾದರೂ ಒಳಗಿನದು ಸತ್ತಿರುತ್ತದೆ.

ಇನ್ನೊಂದು ತೊಡಕು ಮರಿಯೊಳಗೇ ಇದೆ. ತಾಯಿ ಕೋಳಿ ಮೊಟ್ಟೆಯ ಮೂಲಕ ಕೊಡುವ ಪ್ರತಿಕಾಯ ಮೊದಲ ವಾರಗಳಲ್ಲಿ ಮರಿಯನ್ನು ಕಾಯುತ್ತದೆ; ಹೊರಗಿನಿಂದ ಕೊಟ್ಟ ಲಸಿಕೆಯನ್ನೂ ಅದೇ ಕೊಲ್ಲುತ್ತದೆ. ಬ್ರಾಯ್ಲರ್ ಮರಿಯಲ್ಲಿ ಗಂಬೋರೊ ಪ್ರತಿಕಾಯ ಸುಮಾರು ಮೂರು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಬೇಗ ಕೊಟ್ಟರೆ ಲಸಿಕೆ ವ್ಯರ್ಥ, ತಡವಾದರೆ ಶೆಡ್ಡಿನ ವೈರಸ್ ಮೊದಲು ಮುಟ್ಟುತ್ತದೆ. 14ನೇ ದಿನ ಅನ್ನುವುದು ಒಂದು ಅಂದಾಜು, ಅಷ್ಟೇ. ಎರಡು ಮೂರು ಬ್ರೀಡರ್ (ತಾಯಿ ಕೋಳಿ) ಹಿಂಡಿನ ಮರಿ ಬೆರೆತಿದ್ದರೆ ಕೆಲವಕ್ಕೆ 11ನೇ ದಿನ ಸರಿ, ಕೆಲವಕ್ಕೆ 18. ಅಂಥ ಬ್ಯಾಚಿನಲ್ಲಿ ಒಂದೇ ದಿನದ ಒಂದೇ ಡೋಸು ಎಲ್ಲವನ್ನೂ ಕಾಯಲಾರದು.

ಈಗಿರುವ ಕೋಳಿಗಳ ವಿಷಯ

ಕತ್ತು ತಿರುಚಿದ, ಕಾಲು ಸೋತ ಕೋಳಿಗಳು ಚೇತರಿಸಿಕೊಳ್ಳುವುದಿಲ್ಲ. ಅವು ಬದುಕಿರುವಷ್ಟು ಹೊತ್ತೂ ವೈರಸ್ ಉಗುಳುತ್ತಿರುತ್ತವೆ. ಪಶುವೈದ್ಯರಿಂದ ನೋವಾಗದಂತೆ ಕೊಲ್ಲಿಸಿ, ಸತ್ತವುಗಳ ಜೊತೆ ಆರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಗುಂಡಿ ಬಾವಿ, ಬೋರ್‌ವೆಲ್, ಕೆರೆಯಿಂದ ದೂರವಿರಲಿ. ರಸ್ತೆ ಬದಿಗೋ ಕೆರೆ ಏರಿಗೋ ಎಸೆದ ಕೋಳಿಯನ್ನು ನಾಯಿ, ಕಾಗೆ ಎಳೆದಾಡಿದರೆ ಸುತ್ತಲಿನ ಫಾರಂಗಳಿಗೆಲ್ಲ ನೀವೇ ರೋಗ ಹಂಚಿದಂತಾಗುತ್ತದೆ.

ಈ ಹಂತದಲ್ಲಿ ಮತ್ತೆ ಲಸೋಟ ಕೊಡಿ ಎಂದು ಔಷಧ ಅಂಗಡಿಯಲ್ಲಿ ಹೇಳಬಹುದು. ರೋಗದ ನಡುವೆ ಕೊಡುವ ಲಸಿಕೆ ಇನ್ನೂ ಸೋಂಕು ತಗಲದ ಕೋಳಿಗಳಿಗೆ ಮಾತ್ರ ನೆರವಾಗುತ್ತದೆ. ಒಳಗೊಳಗೇ ಸೋಂಕಿರುವವು ಲಸಿಕೆಯ ಒತ್ತಡಕ್ಕೆ ಬೇಗನೆ ಬೀಳುತ್ತವೆ. ಮೊಟ್ಟೆ ಕೋಳಿಯಾಗಿದ್ದರೆ, ಮುಂದೆ ಒಂದು ವರ್ಷ ಸಾಕುವುದಿದ್ದರೆ, ಆ ನಷ್ಟ ಹೊತ್ತುಕೊಂಡಾದರೂ ಕೊಡುವುದರಲ್ಲಿ ಅರ್ಥವಿದೆ. 40 ದಿನಕ್ಕೆ ಎತ್ತುವ ಬ್ರಾಯ್ಲರಿಗೆ, ಅದೂ ಬರ್ಸಾ ಹಾಳಾದ ಹಿಂಡಿಗೆ, ನಾನು ಸಲಹೆ ಮಾಡುವುದಿಲ್ಲ.

ಆ್ಯಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡದು. ಕೆಮ್ಮಿನ ಮೇಲೆ ಇ-ಕೊಲೈ ಬ್ಯಾಕ್ಟೀರಿಯಾ ಕುಳಿತಿದೆ ಎಂದು ವೈದ್ಯರು ಕೋಳಿ ಕೊಯ್ದು ನೋಡಿ ಹೇಳಿದರೆ ಮಾತ್ರ, ಅವರು ಬರೆದಷ್ಟೇ ದಿನ ಕೊಡಿ. ಕೊಟ್ಟರೆ ಲೇಬಲ್ಲಿನಲ್ಲಿರುವಷ್ಟು ದಿನ ಕಳೆಯುವವರೆಗೆ ಕೋಳಿ ಮಾರುವಂತಿಲ್ಲ. ಕೊಲಿಸ್ಟಿನ್ ಅನ್ನು 2019ರಿಂದ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧಿಸಲಾಗಿದೆ, ಹಳೆ ದಾಸ್ತಾನು ಎಂದು ಯಾರಾದರೂ ಕೊಟ್ಟರೂ ಬೇಡ. ಗಂಬೋರೊ ದಾಟಿದ ಕೋಳಿಯ ಮೂತ್ರಪಿಂಡ ಮೊದಲೇ ನೊಂದಿರುತ್ತದೆ. ಸಲ್ಫಾ ಔಷಧಗಳು ಅದನ್ನು ಇನ್ನಷ್ಟು ಕೆಡಿಸುತ್ತವೆ. ತಂಪಾದ ಶುದ್ಧ ನೀರು, ಎಲೆಕ್ಟ್ರೊಲೈಟ್, ಒಣಗಿದ ಹೊಟ್ಟು, ಅಮೋನಿಯಾ ವಾಸನೆ ಉಳಿಯದಷ್ಟು ಗಾಳಿ ಇವುಗಳಿಂದ ಆಗುವ ಉಪಕಾರ ದೊಡ್ಡದು.

ತಿನ್ನಬಹುದೇ ಎಂಬುದಕ್ಕೆ ನೇರ ಉತ್ತರ: ಗಂಬೋರೊ, ಚಿಕನ್ ಅನೀಮಿಯ, ಮ್ಯಾರೆಕ್ಸ್ ಮನುಷ್ಯರಲ್ಲಿ ರೋಗ ತರುವುದಿಲ್ಲ. ರಾಣಿಖೇತ್ ವೈರಸ್ ಕಣ್ಣಿಗೆ ಸಿಡಿದರೆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಕೆಲವು ದಿನದಲ್ಲಿ ಹೋಗುತ್ತದೆ; ಲಸಿಕೆ ಹಾಕುವವರಲ್ಲಿ, ಕೋಳಿ ಕೊಯ್ಯುವವರಲ್ಲಿ ಇದು ಕಾಣುವುದುಂಟು. ನಡುಭಾಗದವರೆಗೂ 70 ಡಿಗ್ರಿ ಮುಟ್ಟುವಂತೆ ಬೇಯಿಸಿದ ಮಾಂಸದಲ್ಲಿ ರಾಣಿಖೇತ್ ಆಗಲಿ ಹಕ್ಕಿಜ್ವರದ ವೈರಸ್ಸಾಗಲಿ ಉಳಿಯುವುದಿಲ್ಲ. ನಮ್ಮ ಸಾರು ಅದಕ್ಕಿಂತ ಎಷ್ಟೋ ಹೆಚ್ಚು ಕುದಿಯುತ್ತದೆ. ಲಸಿಕೆ ಹಾಕಿದ ಕೋಳಿ ತಿಂದರೆ ಲಸಿಕೆ ಮನುಷ್ಯರಿಗೆ ಸೇರುತ್ತದೆ ಎಂಬ ಮಾತಿಗೂ ಹುರುಳಿಲ್ಲ. ಇಷ್ಟಾದರೂ ರೋಗದ ಲಕ್ಷಣ ಇರುವ ಕೋಳಿಯನ್ನಾಗಲಿ ಸತ್ತದ್ದನ್ನಾಗಲಿ ಅರ್ಧ ಬೆಲೆಗೂ ಮಾರಬಾರದು, ಮನೆಯಲ್ಲೂ ಅಡುಗೆಗೆ ಬಳಸಬಾರದು. ಸೊರಗಿದ ಕೋಳಿಯಲ್ಲಿ ಬೇರೆ ಬ್ಯಾಕ್ಟೀರಿಯಾ ಇರುತ್ತವೆ, ಅದನ್ನು ಕೊಯ್ಯುವವರ ಕೈಗೇ ಮೊದಲ ಅಪಾಯ.

ಚೆನ್ನಾಗಿರುವ ಕೋಳಿಗಳ ಬಗ್ಗೆ ನೀವೇ ತೀರ್ಮಾನಿಸುವ ಮುನ್ನ ನಿಮ್ಮ ಊರಿನ ಪಶು ಆಸ್ಪತ್ರೆಗೆ ತಿಳಿಸಿ. ರಾಣಿಖೇತ್, ಗಂಬೋರೊ, ಹಕ್ಕಿಜ್ವರ ಮೂರೂ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿವೆ. ಸಾಕಿದವರು ತಿಳಿಸಬೇಕಾದ್ದು ಕಾನೂನಿನ ಮಾತು. ತಿಳಿಸಿದರೆ ಎಲ್ಲ ಕೊಂದುಬಿಡುತ್ತಾರೆ ಎಂಬ ಹೆದರಿಕೆ ರೈತರಲ್ಲಿದೆ. ಸುತ್ತಲಿನ ಎಲ್ಲ ಕೋಳಿಗಳನ್ನು ಕೊಲ್ಲುವ ಕ್ರಮ ನಮ್ಮಲ್ಲಿ ಉಗ್ರ ಹಕ್ಕಿಜ್ವರಕ್ಕೆ. ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯ ಖಚಿತಪಡಿಸಿದ ಮೇಲೆ ಸುತ್ತ ಒಂದು ಕಿಲೋಮೀಟರಿನಲ್ಲಿ ಅದನ್ನು ಮಾಡುತ್ತಾರೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರಕ್ಕೆ ಮೊದಲ ಬಾರಿ ಕೋಳಿಗಳ ಸಾಮೂಹಿಕ ವಧೆಯಾಯಿತು. 2025ರ ಆರಂಭದಲ್ಲಿ ನಮ್ಮ ಚಿಕ್ಕಬಳ್ಳಾಪುರ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲೂ ಆಯಿತು. ಕೊಂದ ಕೋಳಿಗೆ ಪರಿಹಾರ ಇದೆ, ಅದಕ್ಕೆ ಮೊದಲೇ ಸತ್ತದ್ದಕ್ಕೆ ಇಲ್ಲ. ಹೇಳದೆ ಬಚ್ಚಿಟ್ಟವರಿಗೇ ನಷ್ಟ ಹೆಚ್ಚು. ನಿಮ್ಮ ವರದಿಯಲ್ಲಿ ಹಕ್ಕಿಜ್ವರ ನೆಗೆಟಿವ್ ಇದೆ, ಸಾವಿನ ಪ್ರಮಾಣವೂ ಅದರಂತಿಲ್ಲ. ಆದರೆ ಜುಟ್ಟು ನೀಲಿಗಟ್ಟಿ, ಮುಖ ಊದಿ, ಕಾಲಿನ ಗರಿಯಿಲ್ಲದ ಭಾಗದಲ್ಲಿ ರಕ್ತದ ಕಲೆ ಮೂಡಿ, ಒಂದೇ ರಾತ್ರಿಯಲ್ಲಿ ನೂರಾರು ಸತ್ತರೆ ಕೋಳಿಯನ್ನು ಕೊಯ್ಯಲೇಬೇಡಿ. ಬಾಗಿಲು ಹಾಕಿ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ವೈದ್ಯರು ನೋಡಿ ಒಪ್ಪಿದ ಮೇಲೆ ಲಕ್ಷಣವಿಲ್ಲದ ಕೋಳಿಗಳನ್ನು ಬೇಗ ಎತ್ತಿಸುವುದೇ ಮೇಲು, ತೂಕ ಸ್ವಲ್ಪ ಕಡಿಮೆಯಾದರೂ. ದಿನ ಕಳೆದಂತೆ ಸಾವೂ ಏರುತ್ತದೆ, ತಿಂದ ಮೇವು ತೂಕವಾಗುವುದೂ ನಿಲ್ಲುತ್ತದೆ. ಸಂತೆಗೆ ಜೀವಂತವಾಗಿ ಚಿಲ್ಲರೆ ಬಿಡಬೇಡಿ. ಒಂದೇ ಕಡೆ, ನೇರವಾಗಿ ಕೊಯ್ಯುವ ಜಾಗಕ್ಕೆ ಹೋಗಲಿ. ಖಾಲಿ ಕ್ರೇಟುಗಳು ಇನ್ನೊಂದು ಫಾರಂಗೆ ಹೋಗುವ ಮೊದಲು ತೊಳೆಯಬೇಕೆಂದು ಗಾಡಿಯವರಿಗೆ ಹೇಳಿ.

ಮನೆ ಹಿಂದಿನ ನಾಟಿ ಕೋಳಿ

ಇವು ನಿಮ್ಮ ಶೆಡ್ಡಿಗೆ ವೈರಸ್ ತಂದಿರಬಹುದು, ಶೆಡ್ಡಿನದು ಇವಕ್ಕೆ ಹೋಗಿರಬಹುದು. ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎಂದು ಕರೆಯುವುದು ಈ ರಾಣಿಖೇತನ್ನೇ. ಮಾರಿಹಬ್ಬ, ಜಾತ್ರೆಗೆ ಸಂತೆಯಿಂದ ಕೋಳಿ ತಂದು ಕಟ್ಟಿದ ವಾರದಲ್ಲಿ ಅದು ಬೀದಿಯುದ್ದಕ್ಕೂ ಹಬ್ಬುವುದನ್ನು ನೀವೂ ಕಂಡಿರುತ್ತೀರಿ. ಸದ್ಯಕ್ಕೆ ಹದಿನೈದನ್ನೂ ಕೂಡಿಹಾಕಿ. ಅವುಗಳಿಗೆ ನೀರು, ಕಾಳು ಹಾಕುವವರು ಮತ್ತು ಶೆಡ್ಡಿಗೆ ಹೋಗುವವರು ಬೇರೆ ಬೇರೆಯಾಗಿರಲಿ. ಒಬ್ಬರೇ ಆದರೆ ಮೊದಲು ನಾಟಿ ಕೋಳಿ, ಆಮೇಲೆ ಶೆಡ್ಡು, ಬಳಿಕ ಸ್ನಾನ. ರೋಗ ಕಾಣದೆ ಮೂರು ವಾರ ಕಳೆದರೆ ಲಸಿಕೆ ಹಾಕಿಸಿ. ಮರಿಗಳಿಗೆ ಮೊದಲ ವಾರ ಲಸೋಟ ಅಥವಾ ಎಫ್ ತಳಿಯ ಒಂದು ಹನಿ ಕಣ್ಣಿಗೆ. ಎಂಟು ವಾರ ದಾಟಿದ ಮೇಲೆ ಆರ್2ಬಿ, ಅರ್ಧ ಮಿಲಿ, ಚರ್ಮದಡಿ. ಈ ಆರ್2ಬಿ ಬಲವಾದ ಲಸಿಕೆ, ಚಿಕ್ಕ ಮರಿಗಳಿಗೂ ಬ್ರಾಯ್ಲರಿಗೂ ಕೊಡುವಂಥದ್ದಲ್ಲ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ರಾಣಿಖೇತ್ ಲಸಿಕೆ ತಯಾರಿಸುತ್ತದೆ. ಪಶು ಆಸ್ಪತ್ರೆಯಲ್ಲಿ ಕೇಳಿ. ಒಂದು ಸೀಸೆ ಒಡೆದರೆ ಹದಿನೈದಕ್ಕೆ ಮುಗಿಯುವುದಿಲ್ಲ, ಬೀದಿಯವರೆಲ್ಲ ಒಂದೇ ದಿನ ಕೋಳಿ ತಂದರೆ ಎಲ್ಲರಿಗೂ ಆಗುತ್ತದೆ.

ಮುಂದಿನ ಬ್ಯಾಚ್

ಶೆಡ್ ಖಾಲಿಯಾಗಿ, ತೊಳೆದು, ಸೋಂಕು ತೆಗೆದ ದಿನದಿಂದ 21 ದಿನ. ಸಾಮಾನ್ಯವಾಗಿ 14 ದಿನ ಸಾಕು ಎನ್ನುತ್ತೇವೆ. ಗಂಬೋರೊ ಬೇರು ಬಿಟ್ಟ ಶೆಡ್ಡಿಗೆ ಒಂದು ವಾರ ಹೆಚ್ಚು ಕೊಡಿ. ಅಷ್ಟಾದರೂ ವೈರಸ್ ಪೂರ್ತಿ ಹೋಗುವುದಿಲ್ಲ. ಅದರ ಪ್ರಮಾಣ ಇಳಿದಷ್ಟೂ ಮರಿಗಳಿಗೆ ತಡವಾಗಿ ತಗಲುತ್ತದೆ, ಅಷ್ಟರಲ್ಲಿ ಲಸಿಕೆ ನೆಲೆಯೂರಿರುತ್ತದೆ. ಇಡೀ ಶ್ರಮ ಆ ಕೆಲವು ದಿನಗಳ ಅಂತರ ಗಳಿಸುವುದಕ್ಕೆ.

ಹಳೆ ಹೊಟ್ಟು ಒಂದು ಬುಟ್ಟಿಯೂ ಉಳಿಯದಂತೆ ಹೊರಹಾಕಿ, ಟಾರ್ಪಾಲ್ ಮುಚ್ಚಿ ಸಾಗಿಸಿ, ಯಾವ ಕೋಳಿ ಶೆಡ್ಡಿನ ಬಳಿಯೂ ಗೊಬ್ಬರವಾಗಿ ಚೆಲ್ಲದಂತೆ ನೋಡಿಕೊಳ್ಳಿ. ಹೊಟ್ಟು ತೆಗೆದ ದಿನವೇ, ಶೆಡ್ ತಣ್ಣಗಾಗುವ ಮೊದಲು, ಗೋಡೆಯ ಬಿರುಕಿಗೆ ಸೇರುವ ಕಪ್ಪು ಜೀರುಂಡೆಗಳಿಗೆ ಕೀಟನಾಶಕ ಹೊಡೆಯಿರಿ. ಗಂಬೋರೊ ವೈರಸ್ ಅವುಗಳ ಮೈಯಲ್ಲೂ ಉಳಿಯುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಜಾಲರಿಯ ಧೂಳು, ಫ್ಯಾನು, ಪರದೆ ಎಲ್ಲ ಗುಡಿಸಿ, ಡಿಟರ್ಜೆಂಟ್ ನೀರಿನಲ್ಲಿ ನೆನೆಸಿ, ಉಜ್ಜಿ, ತೊಳೆದು, ಪೂರ್ತಿ ಒಣಗಲು ಬಿಡಿ. ಮಣ್ಣಿನ ನೆಲವಾದರೆ ಮೇಲಿನ ಒಂದೆರಡು ಅಂಗುಲ ಕೆರೆದು ತೆಗೆಯಬೇಕು. ಹಿಕ್ಕೆಯ ಮೇಲೆ ಎಷ್ಟು ಔಷಧ ಸುರಿದರೂ ಅದು ವ್ಯರ್ಥ.

ಆಮೇಲೆ ಔಷಧ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕ್ವಾಟರ್ನರಿ ಅಮೋನಿಯಂ ದ್ರಾವಣ ಹೊದಿಕೆಯಿಲ್ಲದ ಗಂಬೋರೊ ವೈರಸ್ಸಿನ ಮೇಲೆ ಸೋಲುತ್ತದೆ. ಗ್ಲುಟರಾಲ್ಡಿಹೈಡ್ ಇಲ್ಲವೇ ಪೆರಾಕ್ಸಿ ಮಿಶ್ರಣಗಳನ್ನು ಲೇಬಲ್ ಪ್ರಮಾಣದಲ್ಲಿ ಬಳಸಿ. ಅಗ್ಗದ ದಾರಿ ಫಾರ್ಮಲಿನ್: 95 ಲೀಟರ್ ನೀರಿಗೆ 5 ಲೀಟರ್, ಚದರ ಮೀಟರಿಗೆ ಸುಮಾರು 300 ಮಿಲಿ ಬೀಳುವಂತೆ ನೆಲ, ಗೋಡೆಗೆ ಸಿಂಪಡಣೆ. ಇದರ ಹೊಗೆ ಕಣ್ಣು, ಶ್ವಾಸಕೋಶ ಸುಡುತ್ತದೆ, ಕ್ಯಾನ್ಸರ್‌ಕಾರಕವೂ ಹೌದು. ಸರಿಯಾದ ಮಾಸ್ಕ್, ಕನ್ನಡಕ, ಕೈಗವಸು ಇಲ್ಲದಿದ್ದರೆ ಗ್ಲುಟರಾಲ್ಡಿಹೈಡನ್ನು ಆರಿಸಿಕೊಳ್ಳಿ. ಅದಕ್ಕೂ ಕೈಗವಸು, ಮಾಸ್ಕ್ ಬೇಕೇ ಬೇಕು.

ಲಸಿಕೆಯಲ್ಲಿ ನಿಮಗೆ ಮೂರು ದಾರಿಗಳಿವೆ. ಇಂಟರ್‌ಮೀಡಿಯೆಟ್ (ಮಧ್ಯಮ ಬಲದ) ಲಸಿಕೆಯನ್ನೇ ಮುಂದುವರಿಸಿ, ಆದರೆ ಸರಿಯಾಗಿ ಕೊಡುವುದು ಒಂದು. ಮೊದಲ ದಿನವೇ 18-20 ಮರಿಗಳ ರಕ್ತವನ್ನು ಪ್ರತಿಕಾಯ ಅಳೆಯುವ ಎಲಿಸಾ ಪರೀಕ್ಷೆಗೆ ಕಳಿಸಿದರೆ ಯಾವ ದಿನ ಕೊಡಬೇಕೆಂದು ಲ್ಯಾಬಿನವರು ಲೆಕ್ಕ ಹಾಕಿ ಹೇಳುತ್ತಾರೆ. ಎರಡನೆಯದು ಇಂಟರ್‌ಮೀಡಿಯೆಟ್ ಪ್ಲಸ್. ಇದು ತಾಯಿಯ ಪ್ರತಿಕಾಯ ಇನ್ನೂ ಸ್ವಲ್ಪ ಇರುವಾಗಲೇ ಒಳನುಗ್ಗಬಲ್ಲದು, ಉಗ್ರ ತಳಿ ಇರುವ ಶೆಡ್ಡಿಗೆ ಹೊಂದುತ್ತದೆ. ಆದರೆ ತಾನೇ ಬರ್ಸಾಕ್ಕೆ ಪೆಟ್ಟು ಕೊಡುತ್ತದೆ. ಪ್ರತಿಕಾಯ ಕಡಿಮೆ ಇರುವ ಮರಿಗೆ ಬೇಗ ಕೊಟ್ಟರೆ ರೋಗ ತಡೆಯಲು ಹೋಗಿ ಅದೇ ಹಾನಿ ಮಾಡಿಕೊಂಡಂತೆ. ಮೂರನೆಯದು ಹ್ಯಾಚರಿಯಲ್ಲೇ ಮೊದಲ ದಿನ ಚುಚ್ಚುವ ವೆಕ್ಟರ್ (ಬೇರೆ ವೈರಸ್ಸಿಗೆ ಗಂಬೋರೊದ ಜೀನ್ ಸೇರಿಸಿದ) ಅಥವಾ ಇಮ್ಯೂನ್ ಕಾಂಪ್ಲೆಕ್ಸ್ (ಲಸಿಕೆಯ ವೈರಸ್ಸಿಗೆ ಪ್ರತಿಕಾಯ ಬೆಸೆದ) ಲಸಿಕೆ. ಮರಿಯ ಬೆಲೆ ಏರುತ್ತದೆ, ಏಜೆಂಟರು ಎಲ್ಲ ಹ್ಯಾಚರಿಗಳಿಂದಲೂ ತರಿಸಿಕೊಡಲಾರರು. ಆದರೆ ಗಂಬೋರೊಗೆ ನೀರಿನ ತೊಟ್ಟಿಯ ರಗಳೆಯೇ ಇರುವುದಿಲ್ಲ. ನಿಮ್ಮ ಜಾಗದಲ್ಲಿ, ಶೆಡ್ಡಿನಲ್ಲಿ ವೈರಸ್ ಇದೆ ಎಂದು ಗೊತ್ತಾದ ಮೇಲೆ, ನಾನು ಮುಂದಿನ ಎರಡು ಬ್ಯಾಚಿಗಾದರೂ ಇದಕ್ಕೇ ಹಣ ಹಾಕುತ್ತೇನೆ. ಯಾವುದೇ ಆದರೂ ಒಂದೇ ಬ್ರೀಡರ್ ಹಿಂಡಿನ ಮರಿ ಕೇಳಿ ಪಡೆಯಿರಿ. ಮೊದಲ ಲಸೋಟವನ್ನು ಈಗಿನಂತೆ ಕಣ್ಣಿಗೇ ಹಾಕಿ, ಅದನ್ನು ನೀವು ಸರಿಯಾಗಿಯೇ ಮಾಡಿದ್ದೀರಿ.

ಆ ಬ್ಯಾಚಿನಲ್ಲಿ 20ನೇ ದಿನದ ಸುಮಾರಿಗೆ ಒಮ್ಮೆ, 28ಕ್ಕೆ ಒಮ್ಮೆ, ಬೇರೆ ಕಾರಣಕ್ಕೆ ಸತ್ತ ಅಥವಾ ಕೊಯ್ದ ನಾಲ್ಕೈದು ಕೋಳಿಗಳ ಬರ್ಸಾ ಮತ್ತು ಗುಲ್ಮ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಈ ವಯಸ್ಸಿನಲ್ಲಿ ಬರ್ಸಾ ಗುಲ್ಮಕ್ಕಿಂತ ದೊಡ್ಡದಿರಬೇಕು. ಚಿಕ್ಕದಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ, ಇಂಟರ್‌ಮೀಡಿಯೆಟ್ ಪ್ಲಸ್ ಅಥವಾ ಇಮ್ಯೂನ್ ಕಾಂಪ್ಲೆಕ್ಸ್ ಕೊಟ್ಟಿರದಿದ್ದರೆ, ಸಾವು ಕಾಣದಿದ್ದರೂ ಹೊರಗಿನ ವೈರಸ್ ಮುಟ್ಟಿರುವ ಸಾಧ್ಯತೆ ಹೆಚ್ಚು. ಅಂಥ ಬರ್ಸಾವನ್ನು ಅರ್ಧ ಸೀಳಿ, ಒಂದು ಭಾಗವನ್ನು 10 ಶೇಕಡಾ ಫಾರ್ಮಲಿನ್ನಿನಲ್ಲಿ, ಇನ್ನೊಂದನ್ನು ಐಸಿನ ಮೇಲೆ ಇಟ್ಟು, ಕೊಟ್ಟ ಲಸಿಕೆಗಳ ಹೆಸರು, ಬ್ಯಾಚ್ ಸಂಖ್ಯೆ, ತಾರೀಖುಗಳ ಚೀಟಿಯೊಂದಿಗೆ ಹೆಬ್ಬಾಳದ ಪ್ರಯೋಗಾಲಯಕ್ಕೆ ತಲುಪಿಸಿ. ಚೀಟಿಯಲ್ಲಿ ಸೀಕ್ವೆನ್ಸಿಂಗ್ ಬೇಕೆಂದು ಬರೆಯಿರಿ. ಈ ಸಲದ ಪಿಸಿಆರ್ ಹೇಳಲಾಗದ್ದು, ಲಸಿಕೆಯ ವೈರಸ್ಸೋ ಶೆಡ್ಡಿನದೋ ಎಂಬುದು, ಅದರಿಂದ ತಿಳಿಯುತ್ತದೆ.